ಬಿಳಿ ಪರದೆ ಹೊತ್ತು ಬಂದವರು

ನೀವು ಐವತ್ತು ದಾಟಿದವರಾದರೆ, ಅದರಲ್ಲೂ ತಾಲೂಕು ಊರುಗಳಲ್ಲಿ ಬೆಳೆದವರಾದರೆ, ಆ ವ್ಯಾನು ನಿಮಗೂ ನೆನಪಿದ್ದೀತು. ವರ್ಷದಲ್ಲಿ ಒಂದೆರಡು ಸಲ ಪ್ರಚಾರ ಇಲಾಖೆಯವರು ಅದನ್ನು ನಮ್ಮೂರಿಗೆ ತರುತ್ತಿದ್ದರು. ಮಧ್ಯಾಹ್ನ ಊರೆಲ್ಲ ಸುತ್ತಿ, ಧ್ವನಿವರ್ಧಕದಲ್ಲಿ ಸಂಜೆಯ ಉಚಿತ ಚಿತ್ರಪ್ರದರ್ಶನವನ್ನು ಸಾರಿ ಹೋದರೆಂದರೆ ಅಂದು ನಮಗೆ ಅಭ್ಯಾಸವೂ ಇಲ್ಲ, ಊಟವೂ ಬೇಕಿಲ್ಲ. ಕತ್ತಲಾಗುವ ಮುಂಚೆಯೇ ಚಾಪೆ, ಗೋಣಿಚೀಲ ಹಿಡಿದು ಶಾಲೆಯ ಮೈದಾನಕ್ಕೆ ಓಡುತ್ತಿದ್ದೆವು. ಮುಂದೆ ಜಾಗ ಸಿಗದವರು ಪರದೆಯ ಹಿಂದೆ ಕೂತು ನೋಡುತ್ತಿದ್ದರು. ಅಲ್ಲಿ ಅಕ್ಷರಗಳು ಮಾತ್ರ ತಿರುಗುಮುರುಗು. ಓದಲು ಬಾರದವರಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ತೋರಿಸುತ್ತಿದ್ದುದಾದರೂ ಏನು? ಅಣೆಕಟ್ಟು, ಗೋಬರ್ ಗ್ಯಾಸು, ಮಿಶ್ರತಳಿ ಆಕಳು. ಕೊನೆಯಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಅದು ಬಂದ ಕೂಡಲೆ ನಮ್ಮ ಅಜ್ಜಿ, 'ಏಳ್ರೇ, ಸಾಕು' ಎಂದು ನಮ್ಮನ್ನು ಎಬ್ಬಿಸಿಬಿಡುತ್ತಿದ್ದಳು. ಎಲ್ಲ ಚಿತ್ರಗಳಲ್ಲೂ ಒಬ್ಬ ಗಂಡಸು, ಕಾಣಿಸಿಕೊಳ್ಳದೆ, ಗಂಭೀರ ದನಿಯಲ್ಲಿ ಮಾತಾಡುತ್ತಿದ್ದ. ಚಿತ್ರದೊಳಗಿನ ಹೆಂಗಸರು ನಗುತ್ತಿದ್ದರು, ನೀರು ಸೇದುತ್ತಿದ್ದರು, ಆದರೆ ಬಾಯಿ ಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ. ಮುಗಿದ ಹತ್ತು ನಿಮಿಷದಲ್ಲಿ ಪರದೆ ಸುತ್ತಿಕೊಂಡು ವ್ಯಾನು ಹೊರಟುಬಿಡುತ್ತಿತ್ತು. ನಿಮಗೇನನ್ನಿಸಿತು ಎಂದು ನಮ್ಮನ್ನು ಯಾರೂ ಕೇಳಿದ್ದಿಲ್ಲ. ಕೇಳಬಹುದಿತ್ತು ಎಂಬುದು ನಮಗೂ ಹೊಳೆದಿರಲಿಲ್ಲ.

ಇಂಥ ಚಿತ್ರಗಳನ್ನು ತಯಾರಿಸುತ್ತಿದ್ದುದು ಬಹುಮಟ್ಟಿಗೆ 1948ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಜನ್. ಟಾಕೀಜುಗಳಲ್ಲೂ ಮುಖ್ಯ ಚಿತ್ರಕ್ಕೆ ಮೊದಲು ಅವರ ಚಿತ್ರ ತೋರಿಸುವುದು ಕಡ್ಡಾಯವಾಗಿತ್ತು. ಜನ ಆ ಹೊತ್ತಿನಲ್ಲಿ ಹೊರಗೆ ಹೋಗಿ ಶೇಂಗಾ ಕೊಂಡು ತರುತ್ತಿದ್ದರು. ಅವುಗಳಲ್ಲಿ ಒಳ್ಳೆಯವೂ ಇದ್ದವೆಂದು ಆಮೇಲೆ ತಿಳಿಯಿತು. ಆದರೆ ಸಾಕ್ಷ್ಯಚಿತ್ರ ಎಂದರೆ ಶೇಂಗಾ ತರುವ ಹೊತ್ತು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಆ ತಿಳಿವಳಿಕೆ ಕೆಟ್ಟದ್ದು ಧಾರವಾಡದಲ್ಲಿ. 1992-93ರಲ್ಲಿ ನಾನು ಅಲ್ಲಿ ಬಿ.ಎಡ್. ಓದುತ್ತಿದ್ದೆ. ಒಂದು ಭಾನುವಾರ ಸಂಜೆ, ಬೆಂಗಳೂರಿನಿಂದ ಇಬ್ಬರು ಹೆಣ್ಣುಮಕ್ಕಳು ಸಿನಿಮಾ ತಂದಿದ್ದಾರೆ, ಮನೆಗೆಲಸದವರ ಮೇಲೆ ಮಾಡಿದ್ದಂತೆ ಎಂದು ಗೆಳತಿಯೊಬ್ಬಳು ಎಳೆದುಕೊಂಡು ಹೋದಳು. ಒಂದು ಶಾಲೆಯ ಕೋಣೆ. ಬೆಂಚುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದರು. ಪರದೆ ಎಂದರೆ ಹಾಸಿಗೆಯ ಮೇಲೆ ಹಾಸುವ ಬಿಳಿ ಚಾದರ, ಮಡಿಕೆಯ ಗೆರೆ ಇನ್ನೂ ಎದ್ದು ಕಾಣುತ್ತಿತ್ತು. ಮುಂದೆ ನಾವು ಕಾಲೇಜಿನ ಹುಡುಗಿಯರು, ಕೆಲವರು ಶಿಕ್ಷಕಿಯರು. ಹಿಂದೆ ಬಾಗಿಲ ಹತ್ತಿರ, ಯಾವಾಗ ಬೇಕಾದರೂ ಎದ್ದು ಹೋಗುವಂತೆ, ಹದಿನೈದು ಮಂದಿ ಮನೆಗೆಲಸದ ಹೆಂಗಸರು.

ಆ ಇಬ್ಬರಲ್ಲಿ ಒಬ್ಬಳು ಪ್ರೊಜೆಕ್ಟರಿಗೆ ರೀಲು ಏರಿಸುವುದನ್ನು ನಾನು ಬಾಯಿ ಬಿಟ್ಟು ನೋಡಿದೆ. ಹೆಂಗಸು ಯಂತ್ರ ನಡೆಸುವುದನ್ನು, ಹೊಲಿಗೆ ಯಂತ್ರ ಬಿಟ್ಟರೆ, ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. 16 ಮಿ.ಮೀ. ಅಗಲದ ಫಿಲ್ಮು. ನಿಮಿಷಕ್ಕೆ 36 ಅಡಿ ಓಡುತ್ತದಂತೆ. ಹಾಗಾಗಿ 25 ನಿಮಿಷದ ಚಿತ್ರಕ್ಕೆ 900 ಅಡಿ, ಎಲ್ಲ ಒಂದೇ ರೀಲಿನಲ್ಲಿ. ರೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರಬಹುದು, ಕಷ್ಟವೆಲ್ಲ ಪ್ರೊಜೆಕ್ಟರಿನದು ಎಂದು ಆಕೆ ನಗುತ್ತ ಹೇಳಿದಳು. ಹಳೆಯ ಫಿಲ್ಮು ನಡುವೆ ಹರಿದರೆ ಅಂಟಿಸಲು ಪಕ್ಕದಲ್ಲೇ ಕತ್ತರಿ, ಟೇಪು.

ಚಿತ್ರದ ಹೆಸರು 'ಮೋಲಕರೀಣ'. ಮರಾಠಿಯಲ್ಲಿ ಹಾಗೆಂದರೆ ಮನೆಗೆಲಸದವಳು. ಪುಣೆಯಲ್ಲಿ 1980ರ ಸುಮಾರಿಗೆ ಮನೆಗೆಲಸದ ಹೆಂಗಸರು ಕೆಲಸ ನಿಲ್ಲಿಸಿ, ಮೆರವಣಿಗೆ ಮಾಡಿ, ಕೊನೆಗೆ ತಮ್ಮದೇ ಸಂಘಟನೆ ಕಟ್ಟಿಕೊಂಡದ್ದರ ಕಥೆ. 1981ರದ್ದು, ಕಪ್ಪು ಬಿಳುಪು. ಇನ್ನೊಬ್ಬಳು ಗೋಡೆಗೆ ಒರಗಿ ನಿಂತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಪರದೆಯ ಮೇಲೆ ಹೆಂಗಸರೇ ಮಾತಾಡುತ್ತಿದ್ದರು. ಆ ಗಂಭೀರ ಗಂಡಸು ಇರಲಿಲ್ಲ.

ಅರ್ಧ ಆಗುವಷ್ಟರಲ್ಲಿ ಕರೆಂಟು ಹೋಯಿತು. ಮೇಣದಬತ್ತಿ ಹುಡುಕಲು ಯಾರೋ ಹೋದರು. ಆ ಕತ್ತಲೆಯಲ್ಲಿ ಬಾಗಿಲ ಕಡೆಯಿಂದ ಒಂದು ದನಿ ಬಂತು.

'ಆ ಬಾಯಿ ಹೇಳಿದ್ದು ಖರೇ ಐತ್ರಿ. ನಮಗೂ ಜಡ್ಡ ಬಂದ್ರ ಪಗಾರ ಹಿಡೀತಾರ.'

ಇನ್ನೊಂದು ದನಿ, 'ನಾ ಹನ್ನೊಂದ ವರ್ಷದಿಂದ ಒಂದ ಮನ್ಯಾಗ ಅದೀನಿ, ನನ್ನ ಪೂರ್ತಿ ಹೆಸರ ಅವರಿಗೆ ಗೊತ್ತಿಲ್ಲ' ಎಂದಿತು. ಆಮೇಲೆ ಮೂರು ನಾಲ್ಕು ದನಿಗಳು ಒಟ್ಟಿಗೆ. ಕೊನೆಗೆ ಒಬ್ಬಳು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಕಿವಿಯಲ್ಲಿದೆ: 'ನೀವು ಇದನ್ನ ತೋರ್ಸಿ ನಿಮ್ಮೂರಿಗೆ ಹೋಗ್ತೀರಿ. ನಾಳೆ ನಮ್ಮ ಬಾಯಾರು ಕೆಲಸ ಬಿಡಿಸಿದ್ರ ನಾವೇನ್ ಮಾಡೂಣ್ರಿ?'

ಬೆಂಗಳೂರಿನವರು ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 'ಒಬ್ಬೊಬ್ಬರೇ ಕೇಳಬೇಡಿ ಅಂತ ಮಾತ್ರ ಹೇಳಬಲ್ಲೆವು, ಅದನ್ನೇ ಪುಣೆಯವರು ನಮಗೆ ಹೇಳಿದ್ದು' ಎಂದರು. ಅಷ್ಟರಲ್ಲಿ ಕರೆಂಟು ಬಂತು. ಎಲ್ಲರೂ ಗಪ್ಪಾದರು. ಯಾರು ಮಾತಾಡಿದ್ದೆಂದು ನಾವು ತಿರುಗಿ ನೋಡಿದರೆ ಹದಿನೈದೂ ಮುಖಗಳು ತಗ್ಗಿದ್ದವು. ಮುಂದೆ ಕೂತಿದ್ದ ಶಿಕ್ಷಕಿಯರಲ್ಲಿ ಕೆಲವರ ಮನೆಗಳಲ್ಲೇ ಅವರು ಕೆಲಸ ಮಾಡುತ್ತಿದ್ದರೆಂಬುದು ನನಗೆ ಆಮೇಲೆ ಹೊಳೆಯಿತು.

ಈ ಚಿತ್ರ ಮಾಡಿದವರ ಗುಂಪಿನ ಹೆಸರು ಯುಗಾಂತರ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಸೇರಿ 1980ರಲ್ಲಿ ಕಟ್ಟಿದ್ದು. ನವ್ರೋಜ್ ಅದಾಗಲೇ ಮಣಿ ಕೌಲರ 'ದುವಿಧಾ'ದ ಕ್ಯಾಮೆರಾ ಹಿಡಿದು ಹೆಸರು ಮಾಡಿದವರು. ಅದು ಎಂಥ ಕಾಲ ಎನ್ನುವುದನ್ನು ನೆನಪಿಸಿಕೊಳ್ಳಬೇಕು. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ 1972ರಲ್ಲಿ ಪೊಲೀಸ್ ಠಾಣೆಯಲ್ಲೇ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಪೊಲೀಸರನ್ನು ಬಿಟ್ಟುಬಿಟ್ಟಿತ್ತು. ಮರುವರ್ಷ ನಾಲ್ವರು ಕಾನೂನು ಪ್ರಾಧ್ಯಾಪಕರು ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. 1980ರಲ್ಲಿ ಹೆಂಗಸರು ಊರೂರುಗಳಲ್ಲಿ ಬೀದಿಗೆ ಬಂದರು. 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. ವರದಕ್ಷಿಣೆ ಕಿರುಕುಳದ ವೇಳೆ ನಾವೆಲ್ಲ ಹೆಸರು ಕೇಳುತ್ತಿದ್ದ 498 ಎ ಕಲಮು ಬಂದದ್ದೂ ಆ ವರ್ಷವೇ. ಯುಗಾಂತರದ ನಾಲ್ಕು ಚಿತ್ರಗಳು ಹುಟ್ಟಿದ್ದು ಇದೇ ಮೂರ್ನಾಲ್ಕು ವರ್ಷಗಳಲ್ಲಿ. ಅವು ಟಾಕೀಜು ಕಾಣಲಿಲ್ಲ. ಸಂಘಗಳ ಸಭೆ, ಓಣಿ, ಕಾಲೇಜು, ಮಹಿಳಾ ಗುಂಪುಗಳ ಕೋಣೆಗಳಿಗೆ ಹೋದವು. ತೋರಿಸಿದ ಮೇಲೆ ಕೂತು ಮಾತಾಡುವುದೂ ಆ ಕೆಲಸದ ಭಾಗವೇ ಆಗಿತ್ತು. ನಮ್ಮ ನೆರೆಯ ಕೇರಳದಲ್ಲೂ ಕೆಲವು ವರ್ಷಗಳ ಮೇಲೆ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಗುಂಪಿನವರು ಹೀಗೆಯೇ ಚಿತ್ರ ತೋರಿಸುತ್ತ, ಜನರಿಂದಲೇ ಹಣ ಕೂಡಿಸಿ, 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದರು. ಅದು ಕಥಾಚಿತ್ರ, ಇರಲಿ.

ಅಂದು ಚಾದರ ಮಡಿಚುವಾಗ ನಾನು ಒಂದು ತುದಿ ಹಿಡಿದಿದ್ದೆ. ನಿಮ್ಮೂರು ಯಾವುದು ಎಂದು ಆಕೆ ಕೇಳಿದಳು. ಚಿಕ್ಕೋಡಿ ಕಡೆ ಎಂದೆ. 'ಹಾಗಾದರೆ ಇದೇ ಗುಂಪಿನವರು ನಿಪ್ಪಾಣಿಯಲ್ಲಿ ಮಾಡಿದ ಚಿತ್ರ ನೀವು ನೋಡಲೇಬೇಕು, ತಂಬಾಕಿನ ಹೆಂಗಸರದ್ದು' ಎಂದಳು. ಹೂಂ ಎಂದೆ. ನಿಪ್ಪಾಣಿಯಲ್ಲಿ ನನ್ನ ಚಿಗವ್ವನ ಮನೆ ಇದೆಯೆಂದೂ, ಕಾಕಾ ತಂಬಾಕಿನ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವರೆಂದೂ ನಾನು ಹೇಳಲಿಲ್ಲ.

ನಿಪ್ಪಾಣಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಬೀಡಿ ತಂಬಾಕಿಗೆ ಹೆಸರಾದದ್ದು. ನಾನು ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಬಸ್ಸು ಊರು ಸೇರುವ ಮೊದಲೇ ಮೂಗಿಗೆ ಘಾಟು ಬರುತ್ತಿತ್ತು. ರೈತರು ತಂದ ಒಣ ತಂಬಾಕನ್ನು ವಖಾರಿಗಳಲ್ಲಿ ಬಡಿದು, ಜರಡಿ ಹಿಡಿದು, ಕಡ್ಡಿ ಬೇರೆ ಪುಡಿ ಬೇರೆ ಮಾಡಬೇಕು. ಈ ಕೆಲಸವೆಲ್ಲ ಹೆಂಗಸರದ್ದು. ಬೆಳಿಗ್ಗೆ ಒಳಗೆ ಹೋದವರು ಸಂಜೆ ಕತ್ತಲಾದ ಮೇಲೆ ಚಿಗವ್ವನ ಮನೆಯ ಮುಂದೆಯೇ ಸಾಲಾಗಿ ಹೋಗುತ್ತಿದ್ದರು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಕಂದು ಧೂಳು. ಅವರು ಬರುವ ಹೊತ್ತಿಗೆ ಚಿಗವ್ವ ಮುಂಬಾಗಿಲು ಹಾಕುತ್ತಿದ್ದಳು, ನಮಗೆ ಸೀನು ಬರುತ್ತದೆಂದು. ಒಮ್ಮೆ ಒಬ್ಬಾಕೆ ನೀರು ಕೇಳಿದಳು. ಚಿಗವ್ವ ಮೇಲಿನಿಂದ ಬೊಗಸೆಗೆ ಹೊಯ್ದಳು. ಕುಡಿದು, ಕೆಮ್ಮಿ, ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ನೋಡಿ ಆಕೆ, 'ಸಾಲಿಗೆ ಹೋಗ್ತೀಯೇನ?' ಎಂದಳು. ನಾನು ತಲೆಯಾಡಿಸಿದೆ. 'ಹೋಗು ಮತ್ತ' ಎಂದು ನಡೆದಳು. ಗಂಟಲು ಗೊಗ್ಗರು, ಎಡಗೆನ್ನೆಯ ಮೇಲೆ ಹಚ್ಚೆಯ ಮೂರು ಚುಕ್ಕೆ.

ರಾತ್ರಿ ಊಟವಾದ ಮೇಲೆ ಕಾಕಾ ವಖಾರಿಯ ಹಾಜರಿ ಪುಸ್ತಕ ತೆಗೆದು ಕೂರುತ್ತಿದ್ದರು. ನನ್ನ ಗೆರೆ ನೆಟ್ಟಗಿರುತ್ತದೆಂದು ಕೆಂಪು ಪೆನ್ಸಿಲು, ಫೂಟುಪಟ್ಟಿ ಕೊಟ್ಟು ಪುಟಕ್ಕೆ ಗೆರೆ ಹಾಕಿಸುತ್ತಿದ್ದರು. ಒಂದು ಪುಸ್ತಕಕ್ಕೆ ನಾಲ್ಕಾಣೆ. ನನಗಾಗ ಹತ್ತು ವರ್ಷ. ಬೀದಿಯಲ್ಲಿ ನೂರಾರು ಮಂದಿ ಹೋಗುವುದನ್ನು ಕಂಡಿದ್ದೆ. ಪುಸ್ತಕದಲ್ಲಿ ನಲವತ್ತು ಗೆರೆ ಮಾತ್ರ. 'ಇಷ್ಟ ಮಂದೀನಾ ಕಾಕಾ?' ಎಂದರೆ, 'ಇಷ್ಟ ಹಾಕು, ಸಾಕು' ಎನ್ನುತ್ತಿದ್ದರು. ಹಾಕುತ್ತಿದ್ದೆ. ನಾಲ್ಕಾಣೆಗೆ ಆಗ ಪೆಪ್ಪರಮಿಂಟು ಬಹಳ ಬರುತ್ತಿತ್ತು.

ಹಾಜರಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದು ಸರ್ಕಾರಿ ಪಗಾರ ಬಂದ ಮೇಲೆ ನನಗೆ ಸರಿಯಾಗಿ ಅರ್ಥವಾಯಿತು. ಹೆಸರಿಲ್ಲದವಳು ಆ ಕೆಲಸದಲ್ಲೇ ಇಲ್ಲ. ಅವಳಿಗೆ ಭವಿಷ್ಯನಿಧಿ ಇಲ್ಲ, ಹೆರಿಗೆ ರಜೆ ಇಲ್ಲ, ಬಿಡಿಸಿದರೆ ಕೇಳುವ ಹಕ್ಕಿಲ್ಲ. ಬೀಡಿ ಕಾರ್ಮಿಕರ ಕಾಯ್ದೆ 1966ರಲ್ಲೇ ಬಂದಿತ್ತು, ಕಲ್ಯಾಣ ನಿಧಿಯ ಕಾಯ್ದೆ 1976ರಲ್ಲಿ. ಕಾಯ್ದೆ ದಿಲ್ಲಿಯಿಂದ ಹೊರಟು ನಮ್ಮ ಕಾಕಾನ ಪುಸ್ತಕದವರೆಗೆ ಬಂದಿರಲಿಲ್ಲ. ಅದನ್ನು ಎಳೆದು ತಂದವರು ಆ ಹೆಂಗಸರೇ. ಪ್ರೊ. ಸುಭಾಷ ಜೋಶಿ ಮತ್ತು ಸಂಗಡಿಗರ ಜೊತೆ ನಿಂತು ಸಾವಿರಾರು ಮಂದಿ ಸಂಘ ಕಟ್ಟಿದರು. ನಿಪ್ಪಾಣಿಯೆಂದರೆ ನಮ್ಮ ಪತ್ರಿಕೆಗಳಿಗೆ ನೆನಪಾಗುವುದು 1981ರ ತಂಬಾಕು ಬೆಲೆಯ ಚಳವಳಿ. ಶರದ ಜೋಶಿಯವರ ಮುಂದಾಳತ್ವದಲ್ಲಿ ರೈತರು ಹೆದ್ದಾರಿ ತಡೆದು ಕೂತದ್ದು, ಏಪ್ರಿಲ್ 6ರಂದು ಗೋಲಿಬಾರಿನಲ್ಲಿ ರೈತರು ಪ್ರಾಣ ಬಿಟ್ಟದ್ದು. ಅದು ನೆನಪಿರಬೇಕಾದದ್ದೇ. ಆದರೆ ಅದೇ ಊರಿನಲ್ಲಿ, ಅದೇ ತಂಬಾಕಿನ ಧೂಳು ಕುಡಿದವರ ಹೋರಾಟ ಎಷ್ಟು ಮಂದಿಗೆ ಗೊತ್ತು? ನಮ್ಮ ಮನೆಯಲ್ಲಿ ಅದರ ಸುದ್ದಿ ಬಂದದ್ದು ಒಂದೇ ರೀತಿ. 'ಬಾಯಿಬಡಕಿಯರು ಗೇಟಿನ ಮುಂದ ಕುಂತಾರ, ನಿಮ್ಮ ಕಾಕಾಗ ಊಟಕ್ಕ ಬರಾಕ ಆಗವಲ್ದು' ಎಂದು ಚಿಗವ್ವ ಅವ್ವನ ಹತ್ತಿರ ಕಣ್ಣೀರು ಹಾಕಿದ್ದಳು.

ಯುಗಾಂತರದವರು ಆ ಹೆಂಗಸರ ಜೊತೆ ನಾಲ್ಕು ತಿಂಗಳು ಕಳೆದರಂತೆ. ಅವರ ಮಾತು ಕೇಳಿ, ಅವರು ಹೇಳಿದ ದಾರಿಯಲ್ಲೇ ಚಿತ್ರ ಮಾಡಿದರು. ಹೊರಗಿನವರು ಕಾಣದ ವಖಾರಿಯ ಒಳಗೆ ಕ್ಯಾಮೆರಾ ಹೋಯಿತು. ಕ್ಯಾಮೆರಾ ಇಲ್ಲದಾಗ ನಡೆದುಹೋದ ಕೆಲವು ಗಳಿಗೆಗಳನ್ನು ಹೆಂಗಸರೇ ಮತ್ತೆ ಆಡಿ ತೋರಿಸಿದರು. 1982ರಲ್ಲಿ ಮುಗಿದ ಚಿತ್ರದ ಹೆಸರು 'ತಂಬಾಕು ಚಾಕಿಲಾ ಊಬ ಆಲಿ'. ತಂಬಾಕಿನ ಒಟ್ಟಿಲಿಗೆ ಕಾವು ಬಂತು ಎಂದರ್ಥ. ಒಟ್ಟಿದ ತಂಬಾಕು ಒಳಗೊಳಗೇ ಬಿಸಿಯಾಗುತ್ತದೆ, ಹೊರಗೆ ಕಾಣುವುದಿಲ್ಲ. ನಿಪ್ಪಾಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1983ರಲ್ಲಿ ಇನ್ನೆರಡು ಚಿತ್ರ. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆ, ಮನೆಯೊಳಗಿನ ಹಿಂಸೆಯ ಬಗ್ಗೆ ತೆಲುಗಿನಲ್ಲಿ ಒಂದು, ಚಿಪ್ಕೋ ಚಳವಳಿಯ ಸುದೇಶಾ ಎಂಬಾಕೆಯ ಮೇಲೆ ಇನ್ನೊಂದು. ಅಲ್ಲಿಗೆ ಗುಂಪಿನ ಕೆಲಸ ನಿಂತಿತು, ದೀಪಾ ಧನರಾಜ್ ನಿಲ್ಲಲಿಲ್ಲ. 1991ರಲ್ಲಿ ಅವರು ಕುಟುಂಬ ಯೋಜನೆಯ ಮೇಲೆಯೇ ಚಿತ್ರ ಮಾಡಿದರು. 'ಸಮ್‌ಥಿಂಗ್ ಲೈಕ್ ಎ ವಾರ್', ಒಂದು ಬಗೆಯ ಯುದ್ಧ ಎಂದು ಹೆಸರು. ಶಿಬಿರದಲ್ಲಿ ಸಾಲಾಗಿ ಮಲಗಿಸಿದ ಹೆಂಗಸರು, ಎಣಿಕೆಯ ಹೆಮ್ಮೆಯ ಡಾಕ್ಟರು, ಇನ್ನೊಂದು ಕಡೆ ಸುತ್ತ ಕೂತು ತಮ್ಮ ದೇಹದ ಬಗ್ಗೆ ತಾವೇ ಮಾತಾಡುವ ಹೆಂಗಸರು. ನೋಡುವಾಗ ನನಗೆ ನಮ್ಮೂರ ಮೈದಾನದ ಕೆಂಪು ತ್ರಿಕೋನ ನೆನಪಾಯಿತು. ನಮ್ಮ ಅಜ್ಜಿ ನಾಚಿಕೆಯಿಂದ ಎದ್ದು ಹೋಗುತ್ತಿದ್ದಳೆಂದು ನಾವು ನಗುತ್ತಿದ್ದೆವು. ನಾಚಿಕೆಯೇ ಇತ್ತೋ, ಭಯವೂ ಇತ್ತೋ, ಯಾರು ಕೇಳಿದ್ದೆವು?

ನಿಪ್ಪಾಣಿಯ ಚಿತ್ರವನ್ನು ಮಾತ್ರ ನಾನು ಬಹಳ ವರ್ಷ ನೋಡಲಿಲ್ಲ. ಸಿಗಲಿಲ್ಲ ಎಂದು ಹೇಳಬಹುದು, ಹುಡುಕಲಿಲ್ಲ ಎನ್ನುವುದು ನಿಜ. ಇತ್ತೀಚೆಗೆ ಬರ್ಲಿನ್ನಿನ ಆರ್ಸೆನಲ್ ಎಂಬ ಚಲನಚಿತ್ರ ಸಂಸ್ಥೆಯ ನೆರವಿನಿಂದ ಯುಗಾಂತರದ ಚಿತ್ರಗಳು ಹೊಸ ರೂಪ ಪಡೆದು ಇಂಟರ್‌ನೆಟ್ಟಿಗೆ ಬಂದಿವೆ. ಪ್ರೊಜೆಕ್ಟರು ಹೊರುವ ಕಷ್ಟ ಈಗಿಲ್ಲ. ನವ್ರೋಜ್ 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ಮಗಳು ತನ್ನ ಕಂಪ್ಯೂಟರಿನಲ್ಲಿ ಚಿತ್ರ ಹಾಕಿಕೊಟ್ಟಳು. ಧೂಳಿನೊಳಗೆ ಜರಡಿ ಹಿಡಿದ ಕೈಗಳು, ಮೂಗಿಗೆ ಕಟ್ಟಿದ ಬಟ್ಟೆ, ಸಭೆಯಲ್ಲಿ ಎದ್ದು ನಿಂತು ಮಾತಾಡುವ ಮುಖಗಳು. ನಾನು ಮೂರು ಚುಕ್ಕೆ ಹುಡುಕುತ್ತ ನೋಡಿದೆ. ಕಾಣಲಿಲ್ಲ.

ಕಳೆದ ದೀಪಾವಳಿಗೆ ನಿಪ್ಪಾಣಿಗೆ ಹೋದೆ. ಕಾಕಾ ಹೋಗಿ ಬಹಳ ವರ್ಷವಾಯಿತು. ಚಿಗವ್ವನಿಗೆ ಎಂಬತ್ತು, ಕಣ್ಣು ಇನ್ನೂ ಚೆನ್ನಾಗಿದೆ. ಮಗ-ಸೊಸೆ ಪೇಟೆಗೆ ಹೋದಾಗ ಮಗಳ ಟ್ಯಾಬನ್ನು ಅವಳ ಮುಂದೆ ದಿಂಬಿಗೆ ಒರಗಿಸಿ ಇಟ್ಟೆ.

'ಏನದು, ಧಾರಾವಾಹಿಯೇನ?'

'ಅಲ್ಲ ಚಿಗವ್ವ. ನಿಮ್ಮೂರದ ಐತಿ, ನೋಡು.'

ವಖಾರಿಯ ಒಳಗು ಬಂದ ಕೂಡಲೆ ಅವಳು ಸೆರಗು ತೆಗೆದು ಮೂಗಿಗೆ ಹಿಡಿದಳು. ಚಿತ್ರ ಮುಗಿಯುವವರೆಗೂ ತೆಗೆಯಲಿಲ್ಲ. ನಾನು ಏನೂ ಕೇಳಲಿಲ್ಲ. ಹೊರಗೆ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಶುರು ಮಾಡಿದಳು.

'ಎರಡ ಪುಸ್ತಕ ಇದ್ವು ಯವ್ವಾ. ಸಾಹೇಬ್ರು ಬಂದ್ರ ತೋರ್ಸೂದೊಂದು, ಪಗಾರದ್ದೊಂದು. ಪಗಾರದ್ದರಾಗ ಎಲ್ಲಾರ ಹೆಸರೂ ಇತ್ತು. ನೀ ಗೆರಿ ಹಾಕ್ತಿದ್ದಿ ನೋಡು, ಅದು ತೋರ್ಸೂದು.'

'ಇನ್ನೊಂದು?'

'ಇಲ್ಲೇ ಅಟ್ಟದ ಮ್ಯಾಲ ಟ್ರಂಕಿನ್ಯಾಗಿತ್ತು, ಬಹಳ ದಿನ. ಅವರು ಹೋದ ಮ್ಯಾಲ ಒಬ್ಬಾಕಿ ಬಂದಿದ್ಳು. ಪಿಂಚಣಿಗೆ ಏನೋ ಬೇಕಾಗೇತಿ, ನಾ ಇಪ್ಪತ್ತ ವರ್ಷ ದುಡದೀನಿ ಅಂತ ಎಲ್ಲೆರ ಬರದದ್ದು ಇದ್ರ ಕೊಡ್ರಿ ಅಕ್ಕಾರ ಅಂತ ಇಲ್ಲೇ ಕಟ್ಟೀ ಮ್ಯಾಲ ಕುಂತ್ಳು. ನಾ ಏನೂ ಇಲ್ಲ ಅಂದೆ. ಆಕಿ ಹೋದ ಮ್ಯಾಲ ನೀರೊಲಿಗೆ ಹಾಕಿದೆ.'

ಯಾಕೆಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, 'ಅವರ ಅಕ್ಷರ ಇತ್ತಲ್ಲ ಅದರಾಗ. ಸತ್ತವರ ಹೆಸರು ಕೆಡತೈತಿ ಅಂತ ಅಂಜಿದೆ.'

ಎದ್ದು ಒಳಗೆ ಹೋಗಿ ನೀರು ಕುಡಿದು ಬಂದಳು. ಕೂತು, ಟ್ಯಾಬಿನ ಕಡೆ ಕೈ ತೋರಿಸಿ, 'ಇನ್ನೊಮ್ಮೆ ಹಚ್ಚು' ಎಂದಳು. ಹಚ್ಚಿದೆ. ಈ ಸಲ ಸೆರಗು ಹಿಡಿಯಲಿಲ್ಲ. ಮುಖ ಹತ್ತಿರ ತಂದು ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಹೆಂಗಸರೆಲ್ಲ ಕೂತಿರುವ ಕಡೆ ಬಂದಾಗ, 'ನಿಲ್ಲಸು, ನಿಲ್ಲಸು' ಎಂದಳು. ನಿಲ್ಲಿಸಿದೆ. ಬೆರಳನ್ನು ಒಂದು ಮುಖದ ಮೇಲಿಟ್ಟು ಬಹಳ ಹೊತ್ತು ನೋಡಿದಳು.

'ಅಲ್ಲ, ಆಕಿ ಅಲ್ಲ. ಮುಂದ ಬಿಡು.'